ಹಂದಿ ಗ್ಯಾಸು, ಕಿತ್ತಳೆ ಸಿಪ್ಪೆ

ಮೇ 28

ಈ ಊರಿಗೆ ಬಂದು ಒಂದು ವಾರವಾಯಿತು. ಇಲ್ಲಿ ಮನುಷ್ಯರಿಗಿಂತ ಹಂದಿಗಳು ಹೆಚ್ಚು, ಹಂದಿಗಳಿಗಿಂತ ಕಿತ್ತಳೆ ಮರಗಳು ಹೆಚ್ಚು, ಎಲ್ಲಕ್ಕಿಂತ ಚಳಿ ಹೆಚ್ಚು; ದೇಶದ ಈ ದಕ್ಷಿಣ ತುದಿಯಲ್ಲಿ ಮೇ ತಿಂಗಳಿಗೇ ಚಳಿಗಾಲ. ರಿಯೋದಲ್ಲಿ ಈ ಹೊತ್ತಿಗೂ ಜನ ಸಮುದ್ರಕ್ಕೆ ಇಳಿಯುತ್ತಿರುತ್ತಾರೆ. ನಾನು ಎರಡು ಜೊತೆ ಕಾಲುಚೀಲ ಏರಿಸಿಕೊಂಡು ಹಂದಿ ಹೇಲಿನ ಗುಂಡಿಯ ಪಕ್ಕ ನಿಂತಿದ್ದೇನೆ. ಆರು ವರ್ಷ ಗ್ಯಾಸು ಸೋಸುವ ಪೊರೆಗಳ ಮೇಲೆ ಸಂಶೋಧನೆ ಮಾಡಿ, ಪ್ರಬಂಧ ಮಾತ್ರ ಮುಗಿಸದೆ ಬಿಟ್ಟಿದ್ದಕ್ಕೆ ಸಿಕ್ಕ ಬಹುಮಾನ ಇದು.

ಹೊರಡುವಾಗ ಪ್ರೊಫೆಸರ್ ಬೆನೆವೆನುತೊ ಬೆನ್ನು ತಟ್ಟಿದ್ದರು. “ಜುರೇಮಾ, ಒಂದೇ ಒಂದು ಚಳಿಗಾಲ. ಆ ಹಂದಿ ಸಾಕೋರ ಸಂಘದಲ್ಲಿ ಮೂರು ಕೊಳವೆ ಓಡ್ಸಿ ತೋರ್ಸು. ಗ್ಯಾಸಿನ ಅಳತೆಯ ನಕ್ಷೆ ನೆಟ್ಟಗೆ ಬಂತೋ, ಹಡಗಿನ ಕೆಲಸ ನಿಂದು.” ಹಡಗು ಎಂದರೆ ನಡುಸಮುದ್ರದಲ್ಲಿ ಎಣ್ಣೆ ತೆಗೆಯುವ ಹಡಗು. ಅಲ್ಲಿ ಗ್ಯಾಸು ಬೇರ್ಪಡಿಸುವ ಪೊರೆಗಳನ್ನು ಜೋಡಿಸಿದರೆ ಒಂದು ಬೀದಿಯಷ್ಟು ಉದ್ದವಾಗುತ್ತದೆ. ಇಲ್ಲಿರುವುದು ನನ್ನ ತೊಡೆಯಷ್ಟು ದಪ್ಪದ ಮೂರು ಉಕ್ಕಿನ ಕೊಳವೆ.

ಸಂಘದವರಿಗೂ ಒಂದು ಗಡುವಿದೆ. ಆಗಸ್ಟ್ ಮೂರನೇ ಶನಿವಾರ ಸರ್ವಸದಸ್ಯರ ಸಭೆ. ಅಂದು ಸಂಘದ ಮೇವಿನ ಲಾರಿ ಈ ಗುಂಡಿಯ ಗ್ಯಾಸಿನಲ್ಲಿ ಓಡಬೇಕು. ಓಡದಿದ್ದರೆ ಈ ಗ್ಯಾಸು ಘಟಕವನ್ನು ಬಿಚ್ಚಿ ಮಾರುತ್ತಾರಂತೆ. ಮಾರಿದ ಮೇಲೆ ಹೇಲನ್ನು ಎಲ್ಲಿ ಹಾಕುವುದು? ನಾಲೆಗೆ ಬಿಟ್ಟರೆ ಹಂದಿ ಸಾಕುವ ಪರವಾನಗಿಯನ್ನೇ ಅರ್ಧಕ್ಕೆ ಇಳಿಸುತ್ತೇವೆಂದು ಪುರಸಭೆ ಈಗಾಗಲೇ ಹೇಳಿದೆ. ಅದು ಇವರ ತಲೆನೋವು. ನನಗೆ ನಕ್ಷೆ ನೆಟ್ಟಗಿದ್ದರೆ ಸಾಕು.

ಜೂನ್ 3

ಇವರು ಸೊಕ್ಕಿನ ಜನ ಎಂದು ಇವತ್ತಿನವರೆಗೂ ಗಟ್ಟಿಯಾಗಿ ನಂಬಿದ್ದೆ.

ಊಟವಾದ ಮೇಲೆ ಇವರೆಲ್ಲ ಗುಂಡಿಯ ಪಕ್ಕದ ಗೋಡೆಗೆ ಒರಗಿ ಬಿಸಿಲಿಗೆ ಹಲ್ಲಿಗಳ ಹಾಗೆ ಅಂಟಿಕೊಳ್ಳುತ್ತಾರೆ. ಗಾಳಿಗೆ ಅಡ್ಡವಾಗಿ ಇರುವುದು ಆ ಗೋಡೆ ಒಂದೇ. ವಾಸನೆ ಇವರ ಮೂಗಿಗೆ ಹೊಸದಲ್ಲ. ಕಿತ್ತಳೆ ಸುಲಿಯುತ್ತ ಕೂತರೆ ಸೋರೆಬುರುಡೆಯಲ್ಲಿ ಶಿಮರಾಂವ್ ಎಂಬ ಕಹಿ ಎಲೆಯ ಬಿಸಿ ಕಷಾಯ ಕೈಯಿಂದ ಕೈಗೆ ಹೋಗುತ್ತದೆ. ಮೊದಲ ದಿನ ನನಗೂ ಕೊಟ್ಟರು. ಥ್ಯಾಂಕ್ಸ್ ಎಂದು ಹೇಳಿ ಕುಡಿದೆ. ಆಮೇಲೆ ಹತ್ತು ದಿನ ಆ ಬುರುಡೆ ನನ್ನ ಮೂಗಿನ ಮುಂದೆಯೇ ಹಾದು ಪಕ್ಕದವರಿಗೆ ಹೋಯಿತು. ಬಂದವಳಿಗೆ ಒಂದು ಗುಟುಕು ಕೊಡಲೂ ಜಿಪುಣತನವೇ ಎಂದು ನಾನು ಒಳಗೊಳಗೇ ಉರಿದೆ.

ಇವತ್ತು ತಡೆಯಲಾರದೆ ಡೋನಾ ಲೊವಾನಿಯನ್ನು ಕೇಳಿಯೇಬಿಟ್ಟೆ. ನಾನು ಬಾಡಿಗೆಗೆ ಇರುವುದು ಆಕೆಯ ಮನೆಯ ಹಿಂದಿನ ಕೋಣೆಯಲ್ಲಿ. ಎಪ್ಪತ್ತು ದಾಟಿದೆ, ಇಪ್ಪತ್ತು ಹಂದಿ ಒಬ್ಬಳೇ ಸಾಕುತ್ತಾಳೆ, ಸಂಘದಲ್ಲಿ ಆಕೆಯ ಬಾಯಿಗೆ ಎಲ್ಲರೂ ಹೆದರುತ್ತಾರೆ.

“ಅಯ್ಯೋ ನಿನ್ನ, ನಮ್ಮಲ್ಲಿ ಥ್ಯಾಂಕ್ಸ್ ಅಂದ್ರೆ ನಂಗೆ ಸಾಕು ಇನ್ನು ಬೇಡ ಅಂತ ಅಲ್ವೇನೇ! ನೀನೇ ಬೇಡ ಅಂದ್ಬಿಟ್ಟು, ಈಗ ನಮ್ಮ ಮೇಲೆ ಮುನಿಸ್ಕೊಂಡ್ರೆ?”

“ಒಂದ್ಸಲ ಬೇಡ ಅಂದ್ರೆ ಜೀವಮಾನ ಪೂರ್ತಿ ಬೇಡಾನಾ?”

“ನಮಗೇನ್ ಗೊತ್ತು. ಓದಿದೋಳು, ಹೊಟ್ಟೆಗೆ ಆಗಲ್ವೇನೋ ಅಂದ್ಕೊಂಡ್ವಿ.”

ಇವತ್ತು ನಾಲ್ಕು ಬುರುಡೆ ಕುಡಿದೆ. ಬಾಯಿ ಸುಟ್ಟಿತು. ಸಾಕು ಎನ್ನುವುದು ಹೇಗೆಂದು ಗೊತ್ತಿದ್ದರೂ ಹೇಳಲಿಲ್ಲ.

ಜೂನ್ 9

ಎಲ್ಲರೂ ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ಪ್ರಬಂಧ ಮುಗಿಸಿಲ್ಲ, ಹಾಗೆ ಕರೆಯಬೇಡಿ ಎಂದರೂ ಕೇಳುವುದಿಲ್ಲ. ಇವತ್ತು ಅರ್ಸೇನಿಯೋ ಅಜ್ಜ ಭೇದಿ ಹತ್ತಿದ ಹೆಣ್ಣು ಹಂದಿಯೊಂದನ್ನು ಕೈಗಾಡಿಯಲ್ಲಿ ಹಾಕಿಕೊಂಡು ಸೀದಾ ಘಟಕಕ್ಕೇ ಬಂದ.

“ನಾನು ಆ ಥರ ಡಾಕ್ಟ್ರಲ್ಲ ಅಜ್ಜ.”

“ಮತ್ತೆ ಯಾವ ಥರ?”

“ಗ್ಯಾಸು ಬೇರೆ ಮಾಡೋಳು.”

“ಅದನ್ನೇ ತಾನೇ ನಾನೂ ಕೇಳ್ತಿರೋದು. ಇದರ ಹೊಟ್ಟೇಲಿ ಗ್ಯಾಸೇ ತುಂಬ್ಕೊಂಡಿರೋದು!”

ಹಂದಿ ನನ್ನ ಬೂಟಿನ ಮೇಲೆಯೇ ತನ್ನ ಅಭಿಪ್ರಾಯ ತಿಳಿಸಿತು. ಹಡಗಿಗೆ ಹೋಗಲು ಇನ್ನೆಷ್ಟು ದಿನವೋ.

ಜೂನ್ 14

ಸಂಘದ ಅಧ್ಯಕ್ಷ ಇಲ್ವೋ ಹರ್ಟ್‌ಮನ್ ಬಿಸಿಲಿನ ಗೋಡೆಯ ಬಳಿ ಎಲ್ಲರ ಮುಂದೆ ಕೇಳಿದ: “ಡಾಕ್ಟ್ರಮ್ಮಾ, ಆ ಕೊಳವೇಲಿ ಏನ್ ಮಾಡ್ತೀರಾ? ಸಭೇಲಿ ಯಾರಾದ್ರೂ ಕೇಳಿದ್ರೆ ನಾನು ಮಿಕಮಿಕ ನೋಡೋ ಹಂಗಾಗ್ಬಾರ್ದು.”

ಹೇಳಿದೆ. ಗುಂಡಿಯ ಹೇಲು ಮುಚ್ಚಿದ ತೊಟ್ಟಿಗಿಳಿದು ಕೊಳೆತಾಗ ಬರುವ ಗ್ಯಾಸಿನಲ್ಲಿ ಮೀಥೇನ್ ಇದೆ, ಅದು ಉರಿಯುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡೂ ಇದೆ, ಅದು ಉರಿಯುವುದಿಲ್ಲ, ಸುಮ್ಮನೆ ಜಾಗ ತಿನ್ನುತ್ತದೆ. ಕೊಳವೆಯೊಳಗೆ ಕೂದಲಿನಂಥ ಟೊಳ್ಳು ಎಳೆಗಳು ಸಾವಿರಗಟ್ಟಲೆ ಇವೆ. ಎಳೆಯ ಗೋಡೆಯೇ ಪೊರೆ.

“ತೂತು ಇದ್ಯಾ ಅದಕ್ಕೆ? ಜರಡಿ ಥರ?” ಎಂದ ಅರ್ಸೇನಿಯೋ ಅಜ್ಜ.

“ತೂತಿಲ್ಲ ಅಜ್ಜ. ಅದೇ ಇದರ ಮಜಾ. ಗ್ಯಾಸು ಪೊರೆಯೊಳಗೆ ಕರಗತ್ತೆ, ಸಕ್ಕರೆ ಕಾಫೀಲಿ ಕರಗೋ ಹಂಗೆ. ಕರಗಿ, ಒಳಗೊಳಗೇ ತೂರ್ಕೊಂಡು ಹೋಗಿ, ಆ ಕಡೆ ಎದ್ದು ಬರತ್ತೆ. ಡೈಆಕ್ಸೈಡು ಬೇಗ ಕರಗತ್ತೆ, ಬೇಗ ದಾಟತ್ತೆ. ಮೀಥೇನ್ ಸೋಮಾರಿ, ಈ ಕಡೆಯೇ ಉಳ್ಕೊಳತ್ತೆ. ಉಳಿದಿದ್ದನ್ನ ನಾವು ಹಿಡ್ಕೊಳ್ತೀವಿ.”

ಅಜ್ಜ ಕೋಲಿನಿಂದ ಕೊಳವೆಯ ಕಡೆ ತೋರಿಸಿದ. “ಅಂದ್ರೆ ನಮ್ಮ ಊರಹಬ್ಬದ ಕುಣಿತಕ್ಕೆ ಬಾಗಿಲಲ್ಲಿ ನಿಲ್ಲೋನ ಥರ. ಪರಿಚಯದವ್ರನ್ನ ಒಳಕ್ಕೆ ಬಿಡ್ತಾನೆ, ಮಿಕ್ಕೋರನ್ನ ಆಚೆ ನಿಲ್ಲಿಸ್ತಾನೆ.”

“ಹೌದು, ಹೆಚ್ಚುಕಮ್ಮಿ ಹಂಗೇ.”

“ಕುಡೀದೇ ಇದ್ರೆ ಸರಿ ಆ ನನ್ಮಗ.”

ಆರು ವರ್ಷ ನನ್ನ ಪ್ರಬಂಧದ ಕರಡು ಓದಿದ ಮೂವರು ಪರೀಕ್ಷಕರೂ ಇಷ್ಟು ಬೇಗ ತಲೆಯಾಡಿಸಿರಲಿಲ್ಲ.

ಜೂನ್ 21

ತೊಂಬತ್ತೇಳು! ನೂರಕ್ಕೆ ತೊಂಬತ್ತೇಳು ಪಾಲು ಬರೀ ಮೀಥೇನ್! ಲಾರಿಗೆ ತೊಂಬತ್ತಾರು ಸಾಕು. ಎರಡೇ ಕೊಳವೆ ಓಡಿಸಿದ್ದೇನೆ, ಮೂರನೆಯದನ್ನು ಎರಡೂ ಕಡೆ ಬಾಯಿ ಮುಚ್ಚಿ ಹಾಗೇ ಇಟ್ಟಿದ್ದೇನೆ, ಬೇಕಾದರೆ ಇರಲಿ ಎಂದು. ಗುಂಡಿಯ ಗ್ಯಾಸು ಮೊದಲು ಕಬ್ಬಿಣದ ಪುಡಿಯ ಡಬ್ಬಿ ದಾಟುತ್ತದೆ, ಕೊಳೆತ ಮೊಟ್ಟೆಯ ವಾಸನೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಇದ್ದಿಲಿನ ಡಬ್ಬಿ, ಮಿಕ್ಕ ಕಸವೆಲ್ಲ ಅಲ್ಲಿ. ಆಮೇಲೆ ಪೊರೆ. ಎಲ್ಲ ಗಡಿಯಾರದ ಹಾಗೆ.

ಪ್ರೊಫೆಸರಿಗೆ ಫೋನು ಮಾಡಿದೆ. “ಭೇಷ್, ಬಟ್ಟೆ ಗಂಟು ಕಟ್ಕೊಳಕ್ಕೆ ಶುರು ಮಾಡು,” ಎಂದರು.

ಸಂಭ್ರಮಕ್ಕೆ ಡೋನಾ ಲೊವಾನಿ ಒಂದು ಬುಟ್ಟಿ ಕಿತ್ತಳೆ ತಂದಳು. ಹದಿನಾಲ್ಕು ತಿಂದೆನೆಂದು ಅಜ್ಜ ಲೆಕ್ಕ ಇಟ್ಟಿದ್ದಾನೆ, ಸುಳ್ಳು, ಹನ್ನೊಂದು. ಸಿಪ್ಪೆಗೆ ಜಾಗ ಹುಡುಕುತ್ತಿದ್ದರು. “ಗುಂಡಿಗೇ ಎಸೀರಿ, ಅದು ಎಲ್ಲಾನೂ ತಿನ್ನತ್ತೆ,” ಎಂದೆ. ಆಮೇಲೆ ಯಾರು ದೂರ ಎಸೆಯುತ್ತಾರೆಂದು ಪಂದ್ಯ. ಗೆದ್ದವಳು ನಾನು.

ಜುಲೈ 5

ಮೊನ್ನೆ ಬಿದ್ದ ಹಿಮಕ್ಕೆ ತೋಟಗಳು ಬಿಳಿಚಿಕೊಂಡಿವೆ. ಹಣ್ಣು ಒಳಗೇ ಹೆಪ್ಪುಗಟ್ಟಿ ಬೆಂದಂತಾಗಿದೆ, ಮಾರುಕಟ್ಟೆಯವರು ಮೂಸಿಯೂ ನೋಡುವುದಿಲ್ಲ. ಇಲ್ಲಿ ಹಂದಿ ಸಾಕುವವರೆಲ್ಲರಿಗೂ ಒಂದಿಷ್ಟು ಕಿತ್ತಳೆ ಮರ ಇದ್ದೇ ಇದೆ. ಅವರ ಮುಖ ನೋಡಲಾಗಲಿಲ್ಲ. ಪಾಪ ಅನ್ನಿಸಿತು, ಸುಮ್ಮನೆ ಏಕೆ ಸುಳ್ಳು ಹೇಳಲಿ.

“ಕೊಳೆಯೋಕೆ ಬಿಟ್ರೆ ನೊಣ. ಏನ್ ಮಾಡೋಣ ಡಾಕ್ಟ್ರಮ್ಮಾ?” ಎಂದು ಇಲ್ವೋ ಕೇಳಿದ.

“ಗುಂಡಿಗೆ ಹಾಕಿ. ಗ್ಯಾಸಾದ್ರೂ ಆಗ್ಲಿ. ಹೋದ ಹಣ್ಣಲ್ಲಿ ಲಾರಿಯಾದ್ರೂ ಓಡ್ಲಿ.”

ಎಷ್ಟೋ ದಿನಗಳ ಮೇಲೆ ಒಬ್ಬರಿಗೆ ಉಪಯೋಗಕ್ಕೆ ಬರುವ ಮಾತಾಡಿದ ಹಾಗನ್ನಿಸಿತು. ಸಂಜೆಯವರೆಗೂ ಟ್ರ್ಯಾಕ್ಟರುಗಳು ಬಂದು ಸುರಿದವು.

ಜುಲೈ 11

ಗುಂಡಿ ಘಮಘಮ! ಹಂದಿ ಹೇಲಿನ ಮೇಲೆ ಯಾರೋ ಸಾಬೂನಿನ ಕಾರ್ಖಾನೆ ತೆರೆದ ಹಾಗಿದೆ. ಪುರಸಭೆಯಿಂದ ವಾಸನೆ ನೋಡಲು ಬಂದವನು ಮೂಗು ಅರಳಿಸಿಕೊಂಡು, “ಏನ್ ಹಾಕ್ತೀರಾ? ನನ್ನ ಹೆಂಡ್ತಿಗೂ ಹೇಳ್ತೀನಿ,” ಎಂದು ಹೋದ. ಗ್ಯಾಸೂ ಹೆಚ್ಚಾಗಿದೆ. ನಾನು ಹೀಗೆಯೇ ಮುಂದುವರಿದರೆ ಇವರು ಚೌಕದಲ್ಲಿ ನನ್ನ ಪ್ರತಿಮೆ ನಿಲ್ಲಿಸುತ್ತಾರೆ, ಕೈಯಲ್ಲೊಂದು ಕಿತ್ತಳೆ ಕೊಟ್ಟು.

ಜುಲೈ 17

ತೊಂಬತ್ತೈದು. ಕಂಪ್ರೆಸರ್ ಎಣ್ಣೆ ಕಾರುತ್ತಿರಬೇಕು. ಬಿಚ್ಚಿ ಒರೆಸಿ ಹಾಕಿದೆ.

ಜುಲೈ 19

ತೊಂಬತ್ತಮೂರು. ಕಂಪ್ರೆಸರ್ ಅಲ್ಲ.

ಜುಲೈ 20

ನೀರಿನ ಆವಿಯೂ ಅಲ್ಲ. ಅಳತೆಯ ಯಂತ್ರವೂ ಸರಿಯಿದೆ, ಎರಡು ಸಲ ನೋಡಿದೆ. ಇದ್ದಿಲು ಇನ್ನೂ ಚೆನ್ನಾಗಿಯೇ ಇರಬೇಕು, ಕೊಳೆತ ಮೊಟ್ಟೆಯ ವಾಸನೆ ಸೊನ್ನೆ ತೋರಿಸುತ್ತಿದೆ. ಹಾಳಾದ ಊರು, ಹಾಳಾದ ಚಳಿ.

ಜುಲೈ 23

ತೊಂಬತ್ತು. ಬಿಸಾಡುವ ಕಡೆಯ ಗ್ಯಾಸು ಉರಿಯಬಾರದು. ಅದರಲ್ಲಿ ಡೈಆಕ್ಸೈಡೇ ಇರಬೇಕು. ಇವತ್ತು ಒಂದು ಚೀಲದಲ್ಲಿ ಹಿಡಿದು ಬಯಲಿನಲ್ಲಿ ಕಡ್ಡಿ ಗೀರಿದೆ, ಭಗ್ ಎಂದು ಹತ್ತಿಕೊಂಡಿತು. ಅಂದರೆ ಮೀಥೇನೂ ಪೊರೆ ದಾಟಿ ಓಡಿಹೋಗುತ್ತಿದೆ. ಸೋಮಾರಿಗೆ ಕಾಲು ಬಂದಿದೆ.

ನನ್ನ ಹುಬ್ಬು ಅರ್ಧ ಸುಟ್ಟಿತು. “ಚೆನ್ನಾಗೇ ಕಾಣ್ತೀಯ, ಇನ್ನೊಂದನ್ನೂ ಸುಟ್ಕೊ,” ಎಂದಳು ಡೋನಾ ಲೊವಾನಿ. ನಗು ಬರಲಿಲ್ಲ. ರಾತ್ರಿ ಊಟ ಸೇರಲಿಲ್ಲ.

ಜುಲೈ 29

ಕೊಳವೆ ಮಾರಿದ ಕಂಪನಿಯ ಇಂಜಿನಿಯರ್ ಬಂದಿದ್ದ, ಸಾವೊ ಪಾವ್ಲೊದಿಂದ. ಹೆಸರು ತಾರ್ಸಿಯೋ. ಶೂ ಹೊಳೆಯುತ್ತಿತ್ತು, ಮೂಗು ಸೋರುತ್ತಿತ್ತು. ಭಾರೀ ನೆಗಡಿ. ಗುಂಡಿಯ ಹತ್ತಿರ ಬಂದು, “ವಾಸನೆ ಅಷ್ಟೇನಿಲ್ವಲ್ಲ,” ಎಂದ. ನಕ್ಷೆ ನೋಡಿದ, ಕೊಳವೆ ತಟ್ಟಿದ, ಕಾಫಿ ಕುಡಿದ.

“ತಯಾರಿಕೆಯ ದೋಷ ಇರ್ಬೋದು ಮೇಡಂ. ನೀವು ಬೇರೇನೂ ಹೊಸದಾಗಿ ಗುಂಡಿಗೆ ಹಾಕಿಲ್ಲ ತಾನೇ? ಹಾಕಿಲ್ಲ ಅಂತ ಒಂದು ಸಹಿ ಮಾಡ್ಕೊಡಿ, ಅಕ್ಟೋಬರ್ ಹೊತ್ತಿಗೆ ಹೊಸದು ಕಳಿಸ್ತೀವಿ.”

ಹಂದಿ ಹೇಲು ಬಿಟ್ಟರೆ ಮತ್ತೇನು ಹಾಕುತ್ತೇವೆ, ನಾಲ್ಕು ಕಿತ್ತಳೆ ಸಿಪ್ಪೆ, ಎಂದುಕೊಂಡೆ. ಪೆನ್ನು ಕೈಗೆತ್ತಿಕೊಂಡೆ. ಪೆನ್ನಿನಲ್ಲಿ ಶಾಯಿ ಇರಲಿಲ್ಲ, ನಾಳೆ ಅಂಚೆಯಲ್ಲಿ ಕಳಿಸುತ್ತೇನೆ ಎಂದೆ. ಅಕ್ಟೋಬರ್ ಕಟ್ಟಿಕೊಂಡು ಏನು ಮಾಡಲಿ? ಸಭೆ ಆಗಸ್ಟಿನಲ್ಲಿದೆ.

ಜುಲೈ 30

ಮೊದಲನೇ ಕೊಳವೆಯ ಮುಚ್ಚಳ ಬಿಚ್ಚಿದೆ.

ಒಳಗಿನಿಂದ ಕಿತ್ತಳೆ ವಾಸನೆ ಮುಖಕ್ಕೆ ಹೊಡೆಯಿತು, ಯಾರೋ ಈಗ ತಾನೇ ಸುಲಿದ ಹಾಗೆ. ನೆಟ್ಟಗೆ ನಿಲ್ಲಬೇಕಾದ ಎಳೆಗಳು ನೆಂದ ಶಾವಿಗೆಯಾಗಿ ಒಂದರ ಮೇಲೊಂದು ಬಿದ್ದಿದ್ದವು. ಒಂದೆಳೆ ಕಿತ್ತು ಮೂಸಿದೆ.

ಕಿತ್ತಳೆ ಸಿಪ್ಪೆಯಲ್ಲಿ ಎಣ್ಣೆ ಇದೆ. ಆ ಎಣ್ಣೆ ಬಣ್ಣ ಕರಗಿಸುತ್ತದೆ, ಅಂಟು ಕರಗಿಸುತ್ತದೆ, ಪೊರೆಯ ಪ್ಲಾಸ್ಟಿಕ್ಕನ್ನು ಬಿಡುತ್ತದೆಯೇ? ಗ್ಯಾಸಿನ ಜೊತೆ ಆವಿಯಾಗಿ ಬಂದು, ಮೊದಲು ಇದ್ದಿಲನ್ನು ತುಂಬಿಸಿ, ಆಮೇಲೆ ಪೊರೆಗೆ ನುಗ್ಗಿದೆ. ನಾನು ಇದ್ದಿಲನ್ನು ಕೊಳೆತ ಮೊಟ್ಟೆಯ ವಾಸನೆಯಿಂದ ಅಳೆಯುತ್ತಿದ್ದೆ. ಅದನ್ನು ಹಿಡಿಯುವುದು ಕಬ್ಬಿಣದ ಡಬ್ಬಿ! ಇದ್ದಿಲು ಯಾವತ್ತೋ ಕೈಚೆಲ್ಲಿದೆ. ಪೊರೆ ಊದಿಕೊಂಡಿದೆ, ಒಳಗೆ ಸಡಿಲವಾಗಿದೆ, ಸಡಿಲವಾದ ಮೇಲೆ ಯಾರು ಬಂದರೂ ದಾರಿ. ಇದು ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿದೆ. ಬರೆದವಳು ನಾನೇ. ಹೋಗಿ ಟ್ರ್ಯಾಕ್ಟರ್‌ಗಟ್ಟಲೆ ಹಾಕಿಸಿದವಳೂ ನಾನೇ. ಕತ್ತೆ ಕೂಡ ಇಷ್ಟು ಕಷ್ಟಪಟ್ಟು ಕತ್ತೆಯಾಗಿರುವುದಿಲ್ಲ.

ಎರಡನೆಯದನ್ನೂ ಬಿಚ್ಚಿದೆ. ಅದೇ. ಬಾಯಿ ಮುಚ್ಚಿಟ್ಟಿದ್ದ ಮೂರನೆಯದು ಮಾತ್ರ ಉಳಿದಿದೆ.

ಆಗಸ್ಟ್ 1

ಪ್ರೊಫೆಸರಿಗೆ ಎಲ್ಲ ಹೇಳಿದೆ. ನಕ್ಕರು. “ಜುಲೈ ಹತ್ತರವರೆಗಿನ ನಕ್ಷೆ ಚೆನ್ನಾಗಿದೆಯಲ್ಲ, ಅಷ್ಟು ಕಳ್ಸು. ಬಾಲ ಕತ್ತರ್ಸು. ಯಾರು ಕೇಳ್ತಾರೆ? ಅವ್ರ ಹಂದಿ, ಅವ್ರ ಪಾಡು.”

ಮೇ ತಿಂಗಳಲ್ಲಿ ನಾನೂ ಇದೇ ಮಾತು ಬರೆದಿದ್ದೆನೇನೋ. ಹಿಂದಕ್ಕೆ ತಿರುಗಿಸಿ ನೋಡಲು ಮನಸ್ಸಾಗಲಿಲ್ಲ. ಪೂರ್ತಿ ನಕ್ಷೆ ಕಳಿಸಿದೆ, ಬಾಲ ಸಮೇತ. ಕೋಪದಲ್ಲಿ ಕಳಿಸಿದ್ದು, ಧರ್ಮಕ್ಕಲ್ಲ. ತಾರ್ಸಿಯೋ ಸಹಿಗೆ ಕೊಟ್ಟಿದ್ದ ಕಾಗದ ಹರಿದು ಒಲೆಗೆ ಹಾಕಿದೆ.

ಆದರೆ ಗೋಡೆಯ ಬಳಿ ಕೂತವರಿಗೆ ಹೇಳುವ ಧೈರ್ಯ ಬರಲಿಲ್ಲ. ಹಿಮ ಬಿದ್ದ ಮೇಲೆ ಅವರು ನಕ್ಕದ್ದೇ ಆ ಗುಂಡಿ ನೋಡಿ. ಏನಾದರೊಂದು ಹೇಳಿ ಸಿಪ್ಪೆ ನಿಲ್ಲಿಸಬೇಕಿತ್ತು. “ಗುಂಡಿಗೆ ಹೊಟ್ಟೆ ಕೆಟ್ಟಿದೆ, ಸ್ವಲ್ಪ ದಿನ ಏನೂ ಹಾಕ್ಬೇಡಿ,” ಎಂದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಇಷ್ಟು ಸುಲಭವಾಗಿ ನಂಬುವವರಿಗೆ ಸುಳ್ಳು ಹೇಳುವುದು ಬಹಳ ಕಷ್ಟ.

ಆಗಸ್ಟ್ 6

ಹೊಸ ಇದ್ದಿಲು ತುಂಬಿದೆ, ನಾಲ್ಕೇ ದಿನಕ್ಕೆ ಇದ್ದಿಲಿನಾಚೆ ಕಿತ್ತಳೆ ವಾಸನೆ. ಗುಂಡಿಯಲ್ಲಿ ಉಳಿದ ಹಳೇ ಹಣ್ಣಿಗೆ ಇಷ್ಟು ಬೇಗ ಬರಬಾರದಿತ್ತು, ಮತ್ತೆಲ್ಲಿಂದ? ಬೆಳಿಗ್ಗೆ ಬೇಗ ಎದ್ದು ಹೋದೆ. ಡೋನಾ ಲೊವಾನಿ ಹಂದಿಮೇವು ಬೇಯಿಸುವ ದೊಡ್ಡ ಹಂಡೆಯನ್ನು ಎಳೆದುಕೊಂಡು ಬಂದು, ಹೊಗೆಯಾಡುವ ಏನನ್ನೋ ಗುಂಡಿಗೆ ಸುರಿಯುತ್ತಿದ್ದಳು.

“ಏನದು!”

“ಕಿತ್ತಳೆ ಸಿಪ್ಪೆ ಕಷಾಯ. ಹೊಟ್ಟೆ ಕೆಟ್ಟಿದೆ ಅಂದ್ಯಲ್ಲ. ನನ್ನ ಆರು ಮಕ್ಳಿಗೂ ಇದನ್ನೇ ಕುಡಿಸಿ ಸಾಕಿದ್ದು. ಮೂರು ದಿನದಿಂದ ಹಾಕ್ತಿದೀನಿ, ನಿನಗೆ ಹೇಳಿದ್ರೆ ಓದಿದೋಳು ನಗ್ತೀಯ ಅಂತ ಸುಮ್ನಿದ್ದೆ.”

ನಾನು ಕಿರುಚಿದೆ. ಏನೇನು ಕಿರುಚಿದೆನೋ, ಕೊನೆಗೆ ನಿಜವೂ ಬಾಯಿಂದ ಬಿತ್ತು: ಕಿತ್ತಳೆಯೇ ಪೊರೆಯನ್ನು ಕೊಂದದ್ದು, ಹಾಕಲು ಹೇಳಿದ್ದು ನಾನು, ಹೊಟ್ಟೆ ಗಿಟ್ಟೆ ಎಲ್ಲ ಸುಳ್ಳು.

ಆಕೆ ಹಂಡೆ ಕೆಳಗಿಟ್ಟಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ಹಣ್ಣಿನ ವಿಷ್ಯ ನಿಂಗೂ ಗೊತ್ತಿರ್ಲಿಲ್ಲ, ಹೋಗ್ಲಿ. ಗೊತ್ತಾದ್ಮೇಲೆ ನಮಗೆ ಹೊಟ್ಟೆನೋವಿನ ಕಥೆ ಹೇಳಿದ್ಯಲ್ಲ, ಅದು ಯಾಕೆ? ನಾವೇನು ಮಕ್ಕಳಾ?”

ಅಷ್ಟೇ. ಖಾಲಿ ಹಂಡೆ ಎಳೆದುಕೊಂಡು ಹೋದಳು. ಮೂರು ಬೆಳಗು, ಕತ್ತಲಲ್ಲಿ, ಆ ವಯಸ್ಸಿನಲ್ಲಿ, ನನ್ನ ಸುಳ್ಳಿಗೆ ಔಷಧ ಕುದಿಸಿದ್ದಾಳೆ. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಈ ಊರಿನಲ್ಲಿ ಮೊದಲ ಸಲ ಚಳಿ ಹತ್ತಲಿಲ್ಲ.

ಆಗಸ್ಟ್ 8

ಮಾತಿಲ್ಲ. ಕಾಫಿ ಇಲ್ಲ. ಆಕೆ ಬೇರೆ ಯಾರಿಗೂ ಹೇಳಿಯೂ ಇಲ್ಲ. ಹೇಳಬೇಕಾದವಳು ನಾನೆಂದು ಬಿಟ್ಟಿದ್ದಾಳೆ, ಮುದುಕಿ ಬಲು ಘಾಟಿ.

ಆಗಸ್ಟ್ 12

ಮೂರನೇ ಕೊಳವೆ ಜೋಡಿಸಿದೆ. ಗುಂಡಿಯಲ್ಲಿ ಇನ್ನೂ ಕಿತ್ತಳೆ ಇದೆ, ಹಾಗಾಗಿ ಇದ್ದಿಲನ್ನು ದಿನ ಬಿಟ್ಟು ದಿನ ಬದಲಿಸುತ್ತೇನೆ, ವಾಸನೆಗೆ ಕಾಯುವುದಿಲ್ಲ. ಒಂದೇ ಕೊಳವೆಗೆ ಮೊದಲಿನ ರಭಸದಲ್ಲಿ ಗ್ಯಾಸು ನುಗ್ಗಿಸಿದರೆ ಡೈಆಕ್ಸೈಡಿಗೆ ಪೊರೆಯೊಳಗೆ ಕರಗಲು ಪುರುಸೊತ್ತು ಸಿಗುವುದಿಲ್ಲ. ನಿಧಾನವಾಗಿ ಬಿಟ್ಟೆ, ಬಹಳ ನಿಧಾನವಾಗಿ. ತೊಂಬತ್ತಾರು ಬಂತು! ಆದರೆ ಹನಿ ಹನಿ. ಲಾರಿಯ ಸಿಲಿಂಡರ್ ತುಂಬಲು ಶನಿವಾರದವರೆಗೂ ಓಡಿಸಬೇಕು. ಹಾಸಿಗೆಯನ್ನು ಘಟಕಕ್ಕೇ ತಂದುಕೊಂಡಿದ್ದೇನೆ.

ಅರ್ಸೇನಿಯೋ ಅಜ್ಜ ಬಂದು ಮಾಪಕದ ಮುಳ್ಳು ನೋಡುತ್ತ ಕೂತ. “ಒಂದು ಕೊಳವೆ ಯಾಕೆ ಓಡ್ತಿದೆ, ಮಿಕ್ಕೆರಡು ಯಾಕೆ ಮಲಗಿವೆ?” ಎಂದು ಕೇಳಿದ. ಶನಿವಾರ ಹೇಳುತ್ತೇನೆ ಎಂದೆ.

ಆಗಸ್ಟ್ 15

ಪ್ರೊಫೆಸರ್ ಸಂದೇಶ: ನಿನ್ನ ನಕ್ಷೆಯ ಬಾಲವನ್ನು ನಾನೇ ಕತ್ತರಿಸಿ ಹಡಗಿನವರಿಗೆ ಕೊಟ್ಟೆ, ಒಪ್ಪಿದ್ದಾರೆ, ಸೋಮವಾರ ರಿಯೋದಲ್ಲಿರು, ನೀನು ಹೂಂ ಅಂದರೆ ಮುಗಿಯಿತು. ಉತ್ತರ ಬರೆಯುವಷ್ಟರಲ್ಲಿ ಕಂಪ್ರೆಸರ್ ಕೆಮ್ಮಿತು. ಬೆಲ್ಟು ಬದಲಿಸಿ ಬರುವಷ್ಟರಲ್ಲಿ ಮರೆತೇಹೋಯಿತು. ಸಿಲಿಂಡರ್ ಮುಕ್ಕಾಲು ತುಂಬಿದೆ.

ಆಗಸ್ಟ್ 17, ಶನಿವಾರ

ಲಾರಿ ಓಡಿತು.

ಮೊದಲು ಅದನ್ನು ಬರೆಯಬೇಕು. ಸಂಘದ ಭವನದ ಮುಂದೆ ಇಲ್ವೋ ಚಾವಿ ತಿರುಗಿಸಿದ. ಒಮ್ಮೆ ಗೊರಕೆ ಹೊಡೆದು ಸುಮ್ಮನಾಯಿತು. ಎರಡನೇ ಸಲಕ್ಕೆ ಗುರುಗುಟ್ಟಿ ಹೊರಟಿತು. ಚರ್ಚು ಸುತ್ತಿ, ಶಾಲೆ ಸುತ್ತಿ, ಹಾರ್ನು ಹೊಡೆಯುತ್ತ ವಾಪಸು ಬಂತು. ಜನ ಚಪ್ಪಾಳೆ ತಟ್ಟಿದರು, ಹೆಂಗಸರು ಹೊಗೆಕೊಳವೆಗೆ ಮೂಗಿಟ್ಟು ಹಂದಿ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಒಳಗೆ ಹೋಗಿ ಕೂತ ಮೇಲೆ ಇಲ್ವೋ, “ಅಲ್ಲಿಗೆ ಎಲ್ಲಾ ಸರಿಯಾಗಿದೆ, ಮತಕ್ಕೆ ಹಾಕೋಣ್ವಾ?” ಎಂದ.

ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಡೋನಾ ಲೊವಾನಿ ಮುಂದಿನ ಸಾಲಿನಲ್ಲಿ ಕೂತಿದ್ದಳು, ತಿರುಗಿ ನೋಡಲಿಲ್ಲ. ನಾನು ಎದ್ದೆ.

“ಈಗ ಓಡಿದ್ದು ಒಂದೇ ಕೊಳವೆ ಗ್ಯಾಸಲ್ಲಿ. ಮಿಕ್ಕೆರಡು ಸತ್ತಿವೆ. ಕಿತ್ತಳೆ ಎಣ್ಣೆಗೆ ಸತ್ತಿವೆ. ಗುಂಡಿಗೆ ಹಾಕಿ ಅಂದಿದ್ದು ನಾನು. ನನಗೆ ಗೊತ್ತಿರ್ಬೇಕಿತ್ತು, ಹೊಳೀಲಿಲ್ಲ. ಗೊತ್ತಾದ್ಮೇಲೂ ಗುಂಡಿಗೆ ಹೊಟ್ಟೆ ಕೆಟ್ಟಿದೆ ಅಂತ ಸುಳ್ಳು ಹೇಳಿದೆ. ದುಡ್ಡು ಕೊಟ್ಟು ಹೊಸ ಕೊಳವೆ ತರೋವರೆಗೂ ಲಾರಿ ವಾರಕ್ಕೊಂದು ದಿನ ಓಡತ್ತೆ, ಅಷ್ಟೇ. ಇದು ತಿಳ್ಕೊಂಡು ಮತ ಹಾಕಿ.”

ಭವನ ಸಂತೆಯಾಯಿತು.

“ನಾನು ಮೊದ್ಲೇ ಹೇಳಿದ್ದೆ, ಮಾರಿ ಬಿಸಾಕಿ ಅಂತ!” ಎಂದು ಹಿಂದಿನ ಸಾಲಿನವನೊಬ್ಬ ಎದ್ದ.

“ನೀನೇ ಅಲ್ವೇನೋ ಮೂರು ಟ್ರ್ಯಾಕ್ಟರ್ ಸುರಿದೋನು!”

“ನಂದು ಎರಡೇ. ಮೂರನೇದು ನಿನ್ನ ಭಾಮೈದಂದು!”

ಅರ್ಸೇನಿಯೋ ಅಜ್ಜ ಕೋಲು ನೆಲಕ್ಕೆ ಕುಟ್ಟಿದ. “ನಿಲ್ರೋ. ನಾನು ಹೇಳಿದ್ದೆ, ಬಾಗಿಲು ಕಾಯೋನು ಕುಡೀದೇ ಇದ್ರೆ ಸರಿ ಅಂತ. ಅವನಿಗೆ ಕುಡಿಸ್ದೋರು ನಾವೆಲ್ಲ. ಇವಳೊಬ್ಬಳಿಗೆ ಯಾಕೆ ಬೈತೀರಾ?”

ಆಗ ಡೋನಾ ಲೊವಾನಿ ಎದ್ದಳು. ಭವನ ತಾನಾಗಿಯೇ ಬಾಯಿ ಮುಚ್ಚಿತು.

“ಇವಳು ನನಗೆ ಸುಳ್ಳು ಹೇಳಿದ್ಲು. ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯೋವಾಗ ಇಳೀಲಿ. ಆದ್ರೆ ಲಾರಿ ಓಡಿದ್ಮೇಲೆ ಇದನ್ನ ಹೇಳು ಅಂತ ಯಾರೂ ಇವಳನ್ನ ಕೇಳಿರ್ಲಿಲ್ಲ. ಹಂದಿ ಮಾರೋವಾಗ ನಮ್ಮಲ್ಲಿ ಎಷ್ಟು ಜನ ಇಷ್ಟು ನಿಜ ಹೇಳಿದೀವಿ? ಕೈ ಎತ್ರಪ್ಪಾ ನೋಡೋಣ.”

ಒಂದು ಕೈಯೂ ಮೇಲೇಳಲಿಲ್ಲ. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ನನಗೆ ಅಳು ಬಂತು, ನೆಗಡಿ ಬಂದವಳ ಹಾಗೆ ಮೂಗು ಒರೆಸಿಕೊಂಡೆ.

ಇಲ್ವೋ ಮೇಜು ಬಡಿದ. “ಈಗ ನಿಜವಾದ್ದಕ್ಕೆ ಎತ್ತಿ. ಘಟಕ ಉಳೀಬೇಕು ಅನ್ನೋರು?”

ಕೈಗಳು ಎದ್ದವು. ಕೆಲವರದು ಥಟ್ಟನೆ, ಕೆಲವರದು ಹೆಂಡತಿ ತಿವಿದ ಮೇಲೆ. ಬೇಡ ಅನ್ನುವವರ ಕೈಗಳೂ ಕಡಿಮೆ ಇರಲಿಲ್ಲ. ಇಲ್ವೋ ಬೆರಳು ತೋರಿಸಿ ತೋರಿಸಿ ಎಣಿಸಿದ, ತಲೆ ಕೆರೆದುಕೊಂಡ. ಬಂದ ಸದಸ್ಯರಿಗಿಂತ ಒಂದು ಕೈ ಹೆಚ್ಚಾಗಿದೆ ಎಂದ. ಉಳಿಯಬೇಕು ಅನ್ನುವವರ ಕೈ ಮತ್ತೆ ಎತ್ತಿಸಿ ಎಣಿಸಿದ. ಆಗಲೂ ಹೆಚ್ಚು. ಮೂರನೇ ಸಲ ಬೆರಳು ನನ್ನ ಎದುರಿಗೆ ಬಂದು ನಿಂತಿತು.

“ಡಾಕ್ಟ್ರಮ್ಮಾ, ಕೈ ಇಳ್ಸಿ. ನೀವು ಸದಸ್ಯರಲ್ಲ.”

ತಲೆ ಎತ್ತಿ ನೋಡಿದೆ. ಹೌದು, ಅದು ನನ್ನದೇ ಕೈ. ಯಾವಾಗ ಎತ್ತಿದೆನೋ ಗೊತ್ತಿಲ್ಲ; ಮೂರು ಸಲವೂ ಎತ್ತಿದ್ದೇನೆ.

ಇಳಿಸಿದೆ. ಅದನ್ನು ಬಿಟ್ಟು ಎಣಿಸಿದರೂ ಘಟಕ ಉಳಿಯಿತು, ಕೂದಲೆಳೆಯಲ್ಲಿ.

ಪ್ರೊಫೆಸರಿಗೆ ಇನ್ನೂ ಉತ್ತರ ಬರೆದಿಲ್ಲ. ಬರೆಯಬೇಕು. ಸೋಮವಾರವಂತೂ ರಿಯೋದಲ್ಲಿರಲು ಆಗುವುದಿಲ್ಲ, ಅಂದು ಬೆಳಿಗ್ಗೆ ಗುಂಡಿ ಖಾಲಿ ಮಾಡಲು ಪಂಪು ಬರುತ್ತದೆ. ನಮ್ಮವರನ್ನು ಹಾಗೇ ಬಿಟ್ಟರೆ ಇನ್ನೇನನ್ನು ತಂದು ಸುರಿಯುತ್ತಾರೋ.